ತೊಳೆದ ನಾಲಿಗೆ

ಕಪ್ಪೆಯ ನಾಲಿಗೆಯ ಮೇಲೆ ದೊಡ್ಡ ಪಂಡಿತರೆನಿಸಿಕೊಂಡ ತ್ರ್ಯಂಬಕರಾಯರು ಜೀವಮಾನದಲ್ಲಿ ಒಂದು ಕಪ್ಪೆಯನ್ನೂ ಮುಟ್ಟಿದವರಲ್ಲ. ಅವರ ಕೈಕೆಳಗೆ ಡಾಕ್ಟರೇಟಿಗೆ ದುಡಿಯುತ್ತಿದ್ದ ನಿರುಪಮಾಗೆ ಇದು ತಿಳಿದಾಗ ಮೊದಲು ನಗು ಬಂತು, ಆಮೇಲೆ ಹೇಸಿಗೆಯಾಯಿತು. ಧಾರವಾಡದ ಸಪ್ತಾಪುರದ ಮನೆಯಲ್ಲಿ ಸ್ನಾನ, ಸಂಧ್ಯಾವಂದನೆ ಮುಗಿಸಿ ಪ್ರಯೋಗಾಲಯಕ್ಕೆ ಬಂದು ರಾಯರು ಮೂಗಿಗೆ ಕರವಸ್ತ್ರ ಹಿಡಿದು ಕೂಡುತ್ತಿದ್ದರು. ಕಪ್ಪೆ ಹಿಡಿಯುವವನೂ ಕೊಯ್ಯುವವನೂ ಜವಾನ ಯಮನಪ್ಪ. ಅವನು ಕತ್ತರಿಸಿಟ್ಟ ನಾಲಿಗೆಯನ್ನು ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಬಾವಿನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದ ಮೇಲೆಯೇ ರಾಯರು ಅದನ್ನು ಫಾರ್ಮಲಿನ್ನಿಗೆ ಹಾಕುವುದು. ತೊಳೆಯುತ್ತಿದ್ದುದು ಕಪ್ಪೆಯ ಮೈಲಿಗೆಯನ್ನೋ ಯಮನಪ್ಪನದನ್ನೋ, ಬಾಯಿಬಿಟ್ಟು ಹೇಳುವಷ್ಟು ಧೈರ್ಯವೂ ಆ ಮನುಷ್ಯನಿಗಿರಲಿಲ್ಲ.

ಹಾಗೆ ತಿಕ್ಕಿದರೆ ನಾಲಿಗೆಯ ಮೇಲ್ಪೊರೆ ಕಿತ್ತು ಬರುತ್ತದೆ. ರುಚಿ ಹಿಡಿಯುವ ಕೋಶಗಳಿರುವುದು ಅದರಲ್ಲೇ. ಉಳಿದ ಬೋಳು ನಾಲಿಗೆಯನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಸೀಳಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿ ರಾಯರು ೧೯೬೨ರಲ್ಲಿ ಡಂಗುರ ಸಾರಿದರು: ಧಾರವಾಡದ ಕಪ್ಪೆಗೆ ರುಚಿಯೇ ಗೊತ್ತಾಗುವುದಿಲ್ಲ! ಇದನ್ನೇ ಊರೆಲ್ಲ ಹೇಳಿಕೊಂಡು ತಿರುಗಿದರು.

ನಿರುಪಮಾ ತೊಳೆಯಲಿಲ್ಲ. ಅವಳ ಸ್ಲೈಡುಗಳಲ್ಲಿ ಅಣಬೆಯಾಕಾರದ ಒಂದೊಂದು ಉಬ್ಬಿನ ನೆತ್ತಿಯ ಮೇಲೂ ಆ ಕೋಶಗಳು ಒತ್ತೊತ್ತಾಗಿ ನಿಂತಿದ್ದವು. ಪ್ರಬಂಧ ಬರೆದು ಮುಗಿಸಿದಳು. ಇನ್ನು ಬೇಕಾದದ್ದು ರಾಯರ ಸಹಿ. ಅದಿಲ್ಲದೆ ಪದವಿಯಿಲ್ಲ, ಪದವಿಯಿಲ್ಲದೆ ಅವಳಿಗೆ ಕಾಲೇಜಿನಲ್ಲಿ ಕೆಲಸವಿಲ್ಲ.

ಅವಳು ಸ್ಲೈಡು ತಂದಿಟ್ಟಾಗ ರಾಯರು ಕನ್ನಡಕ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ತಲೆ ಎತ್ತಲಿಲ್ಲ.

“ಇದು ಹುಬ್ಬಳ್ಳಿ ಕಪ್ಪಿ ಇರಬೇಕು,” ಅಂದರು.

“ಅಲ್ರಿ ಸರ, ನಮ್ಮ ಕೆಲಗೇರಿ ಕೆರೀದು. ಯಮನಪ್ಪ ಕೊಯ್ದು ಕೊಟ್ಟಾನ. ನಾ ತೊಳದಿಲ್ಲ, ಅಷ್ಟ ಫರಕ.”

ರಾಯರು ಚೇಳು ಕುಟುಕಿದವರಂತೆ ಹಿಂದೆ ಸರಿದರು. “ತೊಳದಿಲ್ಲಾ? ಅವನ ಕೈಯಾಗಿಂದು ಹಂಗ ತಂದು ನನ್ನ ಮುಂದ ಇಟ್ಟೀ?”

ಕಣ್ಣಾರೆ ಕಂಡದ್ದು ಹಾಳಾಗಿ ಹೋಗಲಿ, ಆ ಮಹಾಶಯರು ಕೈ ತೊಳೆಯಲು ಓಡಿದರು. ಬಾಗಿಲಲ್ಲಿ ನಿಂತಿದ್ದ ಯಮನಪ್ಪ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ.

ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ ರಾಯರು ಅಂದರು: “ಎಲ್ಲಾ ತೊಳದು ಹೊಸದಾಗಿ ಮಾಡ್ಕೊಂಡು ಬಾ. ಸಹಿ ಹಾಕ್ತೇನಿ.”

“ಬ್ಯಾಡ್ರಿ ಸರ. ನಿಮ್ಮ ಸಹಿ ತೊಗೊಂಡ್ರ ನಾನೂ ಕೈ ತೊಳಕೋಬೇಕಾಗ್ತದ.”

ಪ್ರಬಂಧ ಎತ್ತಿಕೊಂಡು ಹೊರಟುಹೋದಳು. ರಾಯರು ವಿಭಾಗದ ಮುಖ್ಯಸ್ಥರಾದರು. ನಿರುಪಮಾಳನ್ನು ಯಾರೂ ಡಾಕ್ಟರ್ ಎಂದು ಕರೆಯಲಿಲ್ಲ.