ಬಾಯಿ ನೋಡುವ ಮೇಡಂ

ನಾನು ಯಲಬುರ್ಗಾದಲ್ಲಿ ಆಶಾ ಕಾರ್ಯಕರ್ತೆಯಾಗಿದ್ದಾಗ ಒಬ್ಬ ವಿಜ್ಞಾನಿ ಮೇಡಂ ಬರುತ್ತಿದ್ದರು. ಬಾಯಿಯ ಕ್ಯಾನ್ಸರನ್ನು ಬಹಳ ಮೊದಲೇ ಪತ್ತೆ ಮಾಡುವ ದೀಪವೊಂದನ್ನು ಅವರು ಪರೀಕ್ಷಿಸುತ್ತಿದ್ದರು. ತಂಬಾಕು ತಿನ್ನುವವರ ಬಾಯಿಗಳನ್ನು ದಿನವಿಡೀ ಬಗ್ಗಿ ಬಗ್ಗಿ ನೋಡಿ, ಸಂಜೆ ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಲ್ಲುತ್ತಿದ್ದರು. "ನೋವಿಲ್ಲ, ಯಾಕ ಬರಬೇಕ್ರಿ?" ಎಂದವರಿಗೆಲ್ಲ ಅವರದು ಒಂದೇ ಮಾತು: "ನೋವಿಲ್ಲದಾಗನ ಬರಬೇಕ್ರಿ."

ಕುಕನೂರಿನಲ್ಲಿ ಬಳೆ ಮಾರುವ ಬೀಬಿಯೊಬ್ಬಳ ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡಿತು. ಹುಬ್ಬಳ್ಳಿಗೆ ಹೋಗಿ ತೆಗೆಸಿಕೊಳ್ಳಿ ಎಂದರೆ ಆಕೆ ಒಪ್ಪಲಿಲ್ಲ. ಮೇಡಂ ಮೂರು ಸಲ ಅಂಗಡಿಗೆ ಹೋದರು. ಕೊನೆಗೆ ಬೀಬಿ, "ನೀವು ಜೋಡಿ ಬಂದ್ರ ಬರ್ತೀನ್ರಿ," ಎಂದಳು. ಮರುದಿನದ ಶಿಬಿರ ಬಿಟ್ಟು ಮೇಡಂ ಬಸ್ಸು ಹತ್ತಿದರು. ನಾನೂ ಹೋದೆ.

ಆಸ್ಪತ್ರೆಯಲ್ಲಿ ಮಚ್ಚೆ ತೆಗೆದು ಪರೀಕ್ಷೆಗೆ ಕಳಿಸಿದರು. ಹದಿನೈದು ದಿನದ ಮೇಲೆ ವರದಿಗಾಗಿ ಮತ್ತೆ ಮೂವರೂ ಹೋದೆವು. ಅದಿನ್ನೂ ಕ್ಯಾನ್ಸರ್ ಆಗಿಲ್ಲ, ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು ಎಂದರು ಡಾಕ್ಟರು. ಬೀಬಿ ಕೇಳಿಸಿಕೊಂಡದ್ದು ಮೊದಲಿನ ಮಾತನ್ನು ಮಾತ್ರ.

ವಾಪಸು ಬರುವ ಬಸ್ಸಿನಲ್ಲಿ ಆಕೆ ರೇಗಿದಳು. "ಏನೂ ಇದ್ದಿಲ್ಲಲ್ರಿ ಮೇಡಂ! ಎರಡೆರಡು ಸಲ ಸುಮ್ನ ಅಡ್ಡಾಡಿಸಿದ್ರಿ ನನ್ನ."

ನಾನು ಬಿಡಿಸಿ ಹೇಳಲು ಹೊರಟೆ. ಮೇಡಂ ನನ್ನ ಮೊಣಕೈ ಹಿಡಿದರು. "ಹೌದ್ರಿ, ಈಗ ಏನೂ ಇಲ್ಲ," ಎಂದರು ಆಕೆಗೆ. "ತಂಬಾಕ ಬಿಡ್ರಿ. ಆರು ತಿಂಗಳಿಗೆ ಮತ್ತ ನೋಡ್ತೀನಿ."

ಅಷ್ಟು ಹೇಳಿ ಕಿಟಕಿಯ ಸರಳಿಗೆ ತಲೆಯಾನಿಸಿ ನಿದ್ದೆಹೋದರು. ಬಸ್ಸು ಕುಲುಕಿದಾಗಲೆಲ್ಲ ತಲೆ ಸರಳಿಗೆ ಬಡಿಯುತ್ತಿತ್ತು. ಬೀಬಿ ಬೈಯುವುದನ್ನು ನಿಲ್ಲಿಸಲಿಲ್ಲ. ಬೈಯುತ್ತಲೇ ಕೈ ಚಾಚಿ, ಸರಳಿಗೂ ಆ ತಲೆಗೂ ನಡುವೆ ತನ್ನ ಅಂಗೈ ಇಟ್ಟಳು.