ಬೇಗ ಮುಗಿಸಿದವರಿಗೆ

ಜಯನಗರದಲ್ಲಿ ಸಂಜೆ ಹೊತ್ತು ನಮಗೆ ಶಿಕ್ಷಕರ ತರಬೇತಿ ಕೊಡಲು ಬರುತ್ತಿದ್ದ ಮೇಡಂ ಕನ್ನಡಕವನ್ನು ತಲೆಗೇರಿಸಿ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಬೇಗ ಮುಗಿಸೋ ಜಾಣ ಮಗುಗೆ ಏನ್ ಕೊಡ್ತೀರಿ?”

“ಇನ್ನೂ ಹತ್ತು ಲೆಕ್ಕ,” ಎಂದೆ ಒಂದು ದಿನ, ಇಪ್ಪತ್ತು ವರ್ಷದ ಅನುಭವದ ಗತ್ತಿನಲ್ಲಿ.

ಅವರು ನಮಗೇ ನಾಲ್ಕನೇ ಕ್ಲಾಸಿನ ಗುಣಾಕಾರ ಕೊಟ್ಟರು. ಮೊದಲು ಮುಗಿಸಿದವಳು ನಾನೇ. ಬಹುಮಾನವಾಗಿ ಅಂಥವೇ ಹತ್ತು. ಆಮೇಲೆ ಮತ್ತೆ ಹತ್ತು. ಮೂರನೇ ಸಲ ಮುಗಿದರೂ ಮುಗಿಯದವಳಂತೆ ತಲೆ ತಗ್ಗಿಸಿ ತರಕಾರಿ ಪಟ್ಟಿ ಬರೆಯತೊಡಗಿದೆ.

ಮೇಡಂ ಬಗ್ಗಿ ನೋಡಿದರು. “ಸಾಂಬಾರಿಗೆ ನುಗ್ಗೇಕಾಯಿ ಬೇಡ್ವಾ?”

ಆಗ ನೆನಪಾಯಿತು: ನನ್ನ ತರಗತಿಯ ಜಾಣ ಹುಡುಗಿಯೂ ಈಚೆಗೆ ಬೆಲ್ ಹೊಡೆಯುವವರೆಗೂ ಹೀಗೇ ತಲೆ ತಗ್ಗಿಸಿ ಬರೆಯುತ್ತಿದ್ದಳು. ತಾಳ್ಮೆ ಬಂದಿದೆಯೆಂದು ಅವಳ ಅಮ್ಮನೆದುರು ಹೊಗಳಿದ್ದೆ!

ಮರುದಿನ ಶಾಲೆಯಲ್ಲಿ ಅವಳಿಗೆ, “ನೀನೇ ನಂಗೊಂದು ಲೆಕ್ಕ ಕೊಡು,” ಎಂದೆ. ಅವಳು ಕೊಟ್ಟ ಲೆಕ್ಕವನ್ನು ಬೆಲ್ ಹೊಡೆದರೂ ಬರೆಯುತ್ತಲೇ ಇದ್ದೆ, ಈ ಸಲ ನಿಜವಾಗಿಯೂ.