ಶ್ರುತಿ ಇಳಿಸಿದ ಕ್ಲಾರಿನೆಟ್ ಅಣ್ಣ

ಅವರ ಬಲಗೈ ಹೆಬ್ಬೆರಳಿನ ಮೇಲೆ ಅಡಿಕೆ ಗಾತ್ರದ ಒಂದು ಗಡಸು ಗಂಟಿತ್ತು. ಕ್ಲಾರಿನೆಟ್ಟಿನ ಭಾರವೆಲ್ಲ ಆ ಒಂದು ಬೆರಳಿನ ಮೇಲೇ ಕೂರುತ್ತದಂತೆ. ಛತ್ರದ ಜಗಲಿಯಲ್ಲಿ ಸುಮ್ಮನೆ ಕೂತಾಗಲೆಲ್ಲ ಎಡಗೈಯಿಂದ ಅದನ್ನು ನೀವಿಕೊಳ್ಳುತ್ತಿದ್ದರು. ನೋಯುತ್ತಾ ಅಣ್ಣ ಎಂದು ಕೇಳಿದರೆ “ಪೋನೀಲೇಮ್ಮಾ” ಎನ್ನುವರು. ಹೋಗಲಿ ಬಿಡಮ್ಮ ಎಂಬುದಕ್ಕೆ ಅವರ ಮುಳಬಾಗಿಲಿನ ತೆಲುಗು ಅದು. ಊಟ ತಡವಾದರೂ ಪೋನೀಲೇ, ವ್ಯಾನು ಕೆಟ್ಟು ನಿಂತರೂ ಪೋನೀಲೇ.

ನಾನಾಗ ಕೋಲಾರದ ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಲಗ್ನದ ತಿಂಗಳುಗಳಲ್ಲಿ ಮಾಲೂರು, ಮಾಸ್ತಿ, ಶ್ರೀನಿವಾಸಪುರ ಎಂದು ಒಂದೇ ವ್ಯಾನಿನಲ್ಲಿ ಸುತ್ತಾಟ. ಸ್ಪೀಕರ್ ಪೆಟ್ಟಿಗೆಗಳ ಮೇಲೆ ತಲೆಯಿಟ್ಟು ನಿದ್ದೆ. ಎಷ್ಟೋ ಸಲ ಬೆಳಿಗ್ಗೆ ಕಣ್ಣು ಬಿಟ್ಟರೆ ಯಾವ ಊರಿನಲ್ಲಿದ್ದೇವೆ ಎಂಬುದೇ ತಿಳಿಯುತ್ತಿರಲಿಲ್ಲ. ಮೈಕೈ ನೋವು ಹೋಗುವ ಮೊದಲೇ ಇನ್ನೊಂದು ರಿಸೆಪ್ಷನ್ನು. ಹಾಡು ಎಂದರೆ ಸಂತೋಷ ಎಂದುಕೊಂಡವರು ಒಂದು ಸೀಸನ್ನು ನಮ್ಮ ವ್ಯಾನಿನಲ್ಲಿ ಕೂತು ನೋಡಬೇಕಿತ್ತು.

ಆ ವರ್ಷ ಆರ್ಕೆಸ್ಟ್ರಾದ ಯಜಮಾನರು ಒಂದು ಎಲೆಕ್ಟ್ರಿಕ್ ಆರ್ಗನ್ನನ್ನೂ ಅದನ್ನು ನುಡಿಸುವ ಬೆಂಗಳೂರಿನವನನ್ನೂ ತಂದರು. ಅವನಿಗೂ ತಬಲಾದವರಿಗೂ ಮೊದಲ ದಿನದಿಂದಲೇ ಜಗಳ. ವ್ಯಾನಿನಲ್ಲಿ ಮಾತು ಏರಿತೋ, ಕ್ಲಾರಿನೆಟ್ ಅಣ್ಣ ಡಬ್ಬಿಯಿಂದ ವಾದ್ಯದ ಬಾಯಿಗೆ ಕಟ್ಟುವ ರೀಡ್ ಪಟ್ಟಿ ತೆಗೆದು ಬಾಯಿಗೆ ಹಾಕಿಕೊಂಡುಬಿಡುವರು. ಊದುವ ಮುಂಚೆ ಅದನ್ನು ಎಂಜಲಲ್ಲಿ ನೆನೆಸಬೇಕು, ನಿಜ. ಆದರೆ ಪ್ರೋಗ್ರಾಮಿಗೆ ಇನ್ನೂ ಅರ್ಧ ದಿನ ಇರುವಾಗ ಯಾರು ನೆನೆಸುತ್ತಾರೆ! “ಅಣ್ಣಾ, ನೀವೇ ನ್ಯಾಯ ಹೇಳಿ” ಎಂದರೆ ಬಾಯಿ ತೋರಿಸಿ ತಲೆ ಅಲ್ಲಾಡಿಸುವುದು. ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ.

ನಗು ಹೊರಗೆ ಅಷ್ಟೇ. ಎರಡನೇ ಹೆರಿಗೆಯಾದ ಮೇಲೆ ನನ್ನ ಗಂಟಲು ಮೇಲಿನ ಸ್ವರಗಳಿಗೆ ಏರುತ್ತಿರಲಿಲ್ಲ. ಗಂಡ ಹಾಸಿಗೆ ಹಿಡಿದಿದ್ದರು, ಮನೆ ನಡೆಯುತ್ತಿದ್ದುದು ನನ್ನ ಹಾಡಿನಿಂದ. ರೆಕಾರ್ಡಿನಲ್ಲಿ ಇರುವ ಶ್ರುತಿಯಲ್ಲೇ ಹಾಡಬೇಕು ಎಂಬುದು ಯಜಮಾನರ ಹಟ. ಸ್ವರ ಒಡೆಯುವ ಕಡೆ ಅಣ್ಣ ಕ್ಲಾರಿನೆಟ್ಟನ್ನು ಜೋರಾಗಿ ಏರಿಸಿ ನನ್ನನ್ನು ಮುಚ್ಚುತ್ತಿದ್ದರು. ಎಷ್ಟು ದಿನ ಮುಚ್ಚಿಯಾರು? ಯಜಮಾನರು ಹಾಡಲು ಬೇರೆ ಹುಡುಗಿಯನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಆಗಲೇ ನನ್ನ ಕಿವಿಗೆ ಬಿದ್ದಿತ್ತು.

ತಾಯಲೂರಿನಲ್ಲಿ ಒಂದು ಸಂಜೆ ರಿಸೆಪ್ಷನ್. ಹಾಡು ಶುರುವಾಗುವ ಹೊತ್ತಿಗೆ ಸರಿಯಾಗಿ ತೋಟಗಳಿಗೆ ಕರೆಂಟು ಬಂದು, ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೇ ಚಾಲೂ ಆದವು. ಬಲ್ಬುಗಳು ಕೆಂಪಗಾದವು, ಆರ್ಗನ್ನಿನ ಶ್ರುತಿ ಮೆಲ್ಲಗೆ ಇಳಿಯತೊಡಗಿತು. ಬೆಂಗಳೂರಿನವನಿಗೆ ಗಾಬರಿ. ಅಣ್ಣ ಎರಡು ಸ್ವರಗಳ ಸಂದಿನಲ್ಲಿ ಕ್ಲಾರಿನೆಟ್ಟಿನ ಕೀಲನ್ನು ಎಳೆದು ಸಡಿಲಿಸಿ, ಆರ್ಗನ್ನಿನ ಜೊತೆಗೇ ಇಳಿದರು. ಅವರನ್ನು ನಂಬಿ ನಾನೂ ಇಳಿದೆ. ತಬಲಾದವರು ಶ್ರುತಿ ಕೂಡಿಸಲು ಸುತ್ತಿಗೆ ಹಿಡಿದು ಪರದಾಡಿದರು, ಪಾಪ. ಅಯ್ಯೋ, ಆ ಶ್ರುತಿಯಲ್ಲಿ ನನ್ನ ಗಂಟಲಿಗೆ ಎಷ್ಟು ಹಾಯೆನಿಸಿತು! ಎಲ್ಲೂ ಒಡೆಯದೆ ಹಾಡಿದೆ. ಜನ ಇನ್ನೊಮ್ಮೆ ಹಾಡಿಸಿದರು. ಅಣ್ಣ ಊದುತ್ತಲೇ ನನ್ನ ಕಡೆ ಓರೆಗಣ್ಣಿನಲ್ಲಿ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಅವರೇ ಯಜಮಾನರನ್ನು ಕೇಳಿದರು. “ಇನ್ಮೇಲೆ ಶ್ರುತೀನ ಅರ್ಧ ಮನೆ ಇಳಿಸ್ಕೊಂಡೇ ನುಡ್ಸೋಣ ಯಜಮಾನ್ರೇ. ಮೇಲಿನ ಶ್ರುತಿಗೆ ನಂಗೆ ಉಸಿರು ಸಾಲ್ತಾ ಇಲ್ಲ.”

“ರೆಕಾರ್ಡಿನ ಥರ ಇಲ್ದಿದ್ರೆ ಜನ ಸುಮ್ನಿರ್ತಾರೇನಣ್ಣಾ?”

“ನೆನ್ನೆ ಯಾರಾದ್ರೂ ಕೇಳುದ್ರಾ? ಇನ್ನೊಂದ್ಸಲ ಹಾಡು ಅಂದ್ರು.”

ನನಗೆ ತಡೆಯಲಾಗಲಿಲ್ಲ. “ಅಣ್ಣನ ಉಸಿರಿಗೆ ಏನೂ ಆಗಿಲ್ಲ ಸಾರ್. ಏರ್ದೇ ಇರೋದು ನನ್ನ ಗಂಟಲು” ಎಂದೆ.

ಅಣ್ಣ ಜೋರಾಗಿ ನಕ್ಕರು. “ನೋಡುದ್ರಾ, ತಂಗಿ ಅಲ್ವಾ, ನನ್ನ ಮರ್ಯಾದೆ ಉಳ್ಸಕ್ಕೆ ಸುಳ್ಳು ಹೇಳ್ತಾಳೆ.”

ಹಿಂದಿನ ಸಂಜೆ ಎಲ್ಲೂ ಒಡೆಯದ ನನ್ನ ಹಾಡನ್ನು ಕೇಳಿದ್ದ ಯಜಮಾನರು ನಂಬಿದ್ದು ಅವರನ್ನೇ. ಬೆಂಗಳೂರಿನವನು ಆರ್ಗನ್ನಿನ ಹಿಂದಿನ ಸ್ಕ್ರೂ ತಿರುಗಿಸಿ ಶ್ರುತಿ ಇಳಿಸಿಕೊಂಡ. ಎಲ್ಲ ಹಾಡುಗಳೂ ಆ ಶ್ರುತಿಗೇ ಕೂತುಬಿಟ್ಟವು. ಸೀಸನ್ ಮುಗಿದ ದಿನ ಯಜಮಾನರು ಅಣ್ಣನನ್ನು ಕರೆದು, ವಯಸ್ಸಾಯಿತು, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಕ್ಲಾರಿನೆಟ್ಟಿನಂಥದೇ ಸದ್ದು ಮಾಡುವ ಗುಂಡಿಯೊಂದು ಆರ್ಗನ್ನಿನಲ್ಲಿ ಇತ್ತಲ್ಲ.

ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಅವರು ಇಳಿದಾಗ ನಾನೂ ಇಳಿದೆ. “ಯಾಕಣ್ಣಾ ಹಿಂಗ್ ಮಾಡ್ಕೊಂಡ್ರಿ?” ಎಂದು ಅತ್ತೆ.

“ನಂಗೂ ಸಾಕಾಗಿದೆ ಕಣಮ್ಮಾ. ಬೇಕಂದ್ರೆ ಇನ್ನೊಂದ್ ಆರ್ಕೆಸ್ಟ್ರಾ ಪಾರ್ಟಿ ಸಿಗುತ್ತೆ. ನಿಂಗೆ ಸಿಗಲ್ಲ” ಎಂದರು. ವಾದ್ಯದ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು.

ಇನ್ನೊಂದು ಪಾರ್ಟಿ ಸಿಗಲಿಲ್ಲ. ಉಸಿರು ಹೋದ ಮನುಷ್ಯ ಎಂಬ ಮಾತು ಕೋಲಾರದ ಉದ್ದಗಲಕ್ಕೂ ಹಬ್ಬಿತ್ತು. ಸಿಕ್ಕಸಿಕ್ಕವರಿಗೆಲ್ಲ ಅದು ಸುಳ್ಳೆಂದು ಹೇಳಿದೆ. ಜೊತೆಯವರ ಅಭಿಮಾನ ಎಂದುಕೊಂಡರು. ನಾನು ಮಾತ್ರ ಆ ಇಳಿದ ಶ್ರುತಿಯಲ್ಲಿ ವರ್ಷಗಟ್ಟಲೆ ಹಾಡಿದೆ. ಇಬ್ಬರು ಮಕ್ಕಳನ್ನೂ ಓದಿಸಿದೆ.

ಅಣ್ಣ ತೀರಿಹೋದ ಸುದ್ದಿ ತಡವಾಗಿ ತಿಳಿದು, ತಿಥಿಯ ದಿನ ಮುಳಬಾಗಿಲಿಗೆ ಹೋದೆ. ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಕೂರಿಸಿ ಕೇಳಿದರು. “ನಿಮ್ ಜೊತೆ ಇದ್ದಾಗ್ಲೇ ಅಂತಲ್ಲಮ್ಮಾ ಇವ್ರಿಗೆ ಉಸಿರು ಕೆಟ್ಟಿದ್ದು? ಮನೇಲಿ ದಿನಾ ಬೆಳಿಗ್ಗೆ ಚೆನ್ನಾಗೇ ಊದ್ತಿದ್ರು. ಅದೆಂಗೆ ಅಂತ ನಂಗೆ ಕೊನೇವರ್ಗೂ ತಿಳೀಲಿಲ್ಲ.”

ಹೆಂಡತಿಗೂ ಅಣ್ಣ ಹೇಳಿರಲಿಲ್ಲ! ನಾನು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ, ಬೈದರೆ ಸಾಕು ಎಂದುಕೊಂಡೆ.

“ಮಕ್ಕಳು ಓದ್ಕೊಂಡ್ರಾ?” ಎಂದರು.

“ಓದ್ಕೊಂಡ್ರು ಅತ್ಗೇ.”

“ಸರಿ ಏಳು. ಕೈ ತೊಳ್ಕೊಂಡು ಬಾ, ಬಡಿಸ್ತೀನಿ.”

ಎಲೆ ಹಾಕಿ ಅನ್ನ ಬಡಿಸಿದರು. ಉಂಡೆ. ಆ ಮನೆಯ ಅನ್ನವನ್ನು ನಾನೂ ನನ್ನ ಮಕ್ಕಳೂ ಅಷ್ಟು ವರ್ಷಗಳಿಂದ ಉಣ್ಣುತ್ತಲೇ ಬಂದಿದ್ದೆವು.